ಜೋಡುಸಿರು

ಒಬ್ಬರ ಶ್ವಾಸಕೋಶದಿಂದ ಇನ್ನೊಬ್ಬರನ್ನು ಉಸಿರಾಡಿಸಬಹುದು ಎಂದು ಡಾ. ಅನಸೂಯಾ ಕಮತಗಿ ಹೇಳಿದಾಗ ಮೊದಲು ನಕ್ಕವರು ಅವರದೇ ವಿಭಾಗದ ವೈದ್ಯರು. ಬೂದಿಜ್ವರ ಬಂದ ಮೇಲೆ ಯಾರೂ ನಗಲಿಲ್ಲ.

ಆ ಜ್ವರ ದೊಡ್ಡವರಿಗೆ ನೆಗಡಿಯಂತೆ ಬಂದು ಹೋಗುತ್ತಿತ್ತು. ಮಕ್ಕಳಿಗೆ ಮಾತ್ರ ಎದೆಯೊಳಗೆ ಇಳಿದು ಕೂರುತ್ತಿತ್ತು. ಎಕ್ಸ್‌ರೇ ತೆಗೆದರೆ ಒಲೆಯ ಬೂದಿ ಸುರಿದಂತೆ ಕಾಣುತ್ತಿದ್ದರಿಂದ ಜನರೇ ಅದಕ್ಕೆ ಆ ಹೆಸರಿಟ್ಟರು. ಗಟ್ಟಿಯಾದ ಶ್ವಾಸಕೋಶ ಕೆಲವು ವಾರಗಳಲ್ಲಿ ತಾನಾಗಿಯೇ ಮೆತ್ತಗಾಗುತ್ತಿತ್ತು. ಅಲ್ಲಿಯವರೆಗೆ ಮಗುವನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದೇ ಪ್ರಶ್ನೆ. ಆಸ್ಪತ್ರೆಯಲ್ಲಿದ್ದ ಹೃದಯ-ಶ್ವಾಸಕೋಶ ಯಂತ್ರಗಳು ಮಗುವಿನ ಕಪ್ಪಾದ ರಕ್ತವನ್ನು ಕುತ್ತಿಗೆಯಿಂದ ಹೊರಗೆಳೆದು, ಆಮ್ಲಜನಕ ತುಂಬಿ, ಕೆಂಪಾಗಿಸಿ ಹಿಂದಕ್ಕೆ ಕಳಿಸುತ್ತಿದ್ದವು. ಆದರೆ ಯಂತ್ರದೊಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟದಂತೆ ಔಷಧಿ ಕೊಟ್ಟರೆ ಕೆಲವು ಮಕ್ಕಳಿಗೆ ಮಿದುಳಿನಲ್ಲಿ ರಕ್ತ ಸೋರುತ್ತಿತ್ತು.

ಕಮತಗಿಯವರು ಯಂತ್ರದ ಜಾಗದಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ಮಲಗಿಸಿದರು. ನಡುವೆ ಅಂಗೈಯಗಲದ ಒಂದು ಡಬ್ಬಿ, ಅದರೊಳಗೆ ಕೂದಲೆಳೆಗಿಂತ ತೆಳುವಾದ ಸಾವಿರಾರು ಕೊಳವೆಗಳು. ಕೊಳವೆಗಳ ಒಳಗೆ ಮಗುವಿನ ರಕ್ತ, ಹೊರಗೆ ದೊಡ್ಡವರ ರಕ್ತ. ಎರಡೂ ಬೆರೆಯುವುದಿಲ್ಲ, ರಕ್ತದ ಗುಂಪಿನ ಗೊಡವೆ ಇಲ್ಲ. ಕೊಳವೆಯ ಗೋಡೆ ದಾಟಿ ಆಮ್ಲಜನಕ ಮಗುವಿನ ಕಡೆಗೆ ಬರುತ್ತದೆ; ಇಂಗಾಲದ ಅನಿಲವೂ ಜ್ವರದ ಒಂದಿಷ್ಟು ವಿಷವೂ ದೊಡ್ಡವರ ಕಡೆಗೆ ಹೋಗುತ್ತವೆ. ದೊಡ್ಡವರು ಉಸಿರಾಡಿದರೆ ಮಗು ಉಸಿರಾಡಿದಂತೆ. ಇದಕ್ಕೆ ಅವರು ಜೋಡುಸಿರು ಎಂದು ಹೆಸರಿಟ್ಟಿದ್ದರು. ಇದು ಯಂತ್ರಕ್ಕಿಂತ ಮೇಲೋ ಅಲ್ಲವೋ, ಆ ವಿಷ ಮಲಗಿದವರನ್ನು ಏನು ಮಾಡುತ್ತದೋ ತಿಳಿದಿರಲಿಲ್ಲ. ತಿಳಿಯುವುದಕ್ಕೆಂದೇ ಪ್ರಯೋಗ ನಡೆದಿತ್ತು. ಯಾವ ಮಗುವಿಗೆ ಯಂತ್ರ, ಯಾವ ಮಗುವಿಗೆ ಜೋಡುಸಿರು ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ಆರಿಸುತ್ತಿತ್ತು. ವೈದ್ಯರು ಅದರಲ್ಲಿ ಕೈ ಹಾಕುವಂತಿರಲಿಲ್ಲ.

ಭೀಮಶಿ ಪೈಲ್ವಾನನ ಮಗಳು ಗಂಗೋತ್ರಿಗೆ ಯಂತ್ರ ಬಂತು.

ಭೀಮಶಿ ಮುಧೋಳ ಸೀಮೆಯಲ್ಲಿ ಕುಸ್ತಿ ಕಲಿಸುವವನು. ಬಾಗಿಲಲ್ಲಿ ನಿಂತರೆ ಬಾಗಿಲು ಮುಚ್ಚಿದಂತಾಗುವ ಮೈ. ಅವನು ಅಂಗಿ ಬಿಚ್ಚಿ ಡಾಕ್ಟರ ಮುಂದೆ ಎದೆ ತಟ್ಟಿ ತೋರಿಸಿದ.

"ನೋಡ್ರೀ ಅಕ್ಕಾರ, ಸಣ್ಣಾಂವ ಇದ್ದಾಗಿಂದ ಗರಡಿ ಮಣ್ಣಾಗ ಬೆಳದೀನಿ. ಒಂದ ದಿನ ಬೀಡಿ ಮುಟ್ಟಿಲ್ಲ. ಈ ಎದಿ ಯಾತಕ್ಕ ಐತಿ? ನನ್ನ ಮಗಳಿಗೆ ಹಚ್ಚರಿ."

"ಭೀಮಶಿಯವರ, ನಿಮ್ಮ ಎದಿ ಗಟ್ಟಿ ಅದ, ನನಗ ಗೊತ್ತದ," ಎಂದರು ಕಮತಗಿ. "ಆದ್ರ ಇದರಾಗ ಯಾವುದು ಛಲೋ ಅಂತ ನನಗೂ ಗೊತ್ತಿಲ್ಲ. ನಾವು ಕೇಳಿದವರಿಗೆ ಕೇಳಿದ್ದು ಕೊಟ್ಕೋತ ಹೋದ್ರ ಮುಂದ ಯಾರಿಗೂ ಎಂದೂ ಗೊತ್ತಾಗೂದಿಲ್ಲ. ಯಂತ್ರಾನೂ ಮಕ್ಕಳನ್ನ ಉಳಿಸ್ತದ. ಬ್ಯಾಡಂದ್ರ ಪ್ರಯೋಗದಿಂದ ಹೊರಗ ಹೋಗ್ರಿ, ಯಂತ್ರ ಹೆಂಗೂ ಸಿಗ್ತದ. ಜೋಡುಸಿರು ಮಾತ್ರ ನನ್ನ ಕೈಯಾಗಿಲ್ಲ."

ಅವನು ಅಂಗಿ ತೊಟ್ಟುಕೊಂಡ. ಅವನ ಹೆಂಡತಿ ಕಸ್ತೂರಿ ಕೈ ಮುಗಿದು, "ನೀವು ಹೇಳಿದಂಗ ಆಗ್ಲಿ," ಎಂದಳು.

ಗಂಗೋತ್ರಿ ಚೇತರಿಸಿಕೊಳ್ಳುತ್ತಿದ್ದಳು. ಒಂದು ದಿನ ಕಣ್ಣು ತೆರೆದು ಅಪ್ಪನ ಬೆರಳು ಹಿಡಿದಿದ್ದಳು. ಮಾರನೆಯ ಬೆಳಿಗ್ಗೆ ಅವಳ ಒಂದು ಕಣ್ಣಿನ ಪಾಪೆ ಅಗಲವಾಗಿ ಹಾಗೇ ನಿಂತುಬಿಟ್ಟಿತು. ಮಿದುಳಿನಲ್ಲಿ ರಕ್ತ ಸೋರಿತ್ತು. ಊಟದ ಹೊತ್ತಿಗೆ ಕಮತಗಿಯವರೇ ಬಂದು ಯಂತ್ರ ನಿಲ್ಲಿಸಿದರು.

ಕಸ್ತೂರಿ ಮಗಳ ಕಾಲ ಬಳಿ ಕುಸಿದಳು. ಭೀಮಶಿ ಅಳಲಿಲ್ಲ. ನಿಂತ ಯಂತ್ರವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸಲೈನ್ ತೂಗುಹಾಕುವ ಕಬ್ಬಿಣದ ಕಂಬವನ್ನು ಬುಡಸಮೇತ ಎತ್ತಿ ಅದರ ಮೇಲೆ ಬೀಸಿದ. ಮೊದಲ ಏಟಿಗೆ ಪರದೆ ಒಡೆಯಿತು, ಎರಡನೆಯದಕ್ಕೆ ಪಂಪು ಕಿತ್ತು ನೆಲಕ್ಕೆ ಬಿತ್ತು. ವಾರ್ಡಿನಲ್ಲಿದ್ದವರು ಓಡಿದರು. ಕಾವಲಿನವನು ಹಿಂದಿನಿಂದ ಬಂದು ತೆಕ್ಕೆ ಹಾಕಿದ. ಭೀಮಶಿ ಅವನನ್ನು ಹೆಗಲ ಮೇಲಿನಿಂದ ಎತ್ತಿ ಗೋಡೆಗೆ ಒಗೆದ. ಕಾವಲಿನವನ ತೋಳಿನ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಪಕ್ಕದ ಮಂಚದಲ್ಲಿ ಇನ್ನೊಂದು ಯಂತ್ರ ತಿರುಗುತ್ತಿತ್ತು. ಅದಕ್ಕೆ ಜೋಡಿಸಿದ್ದದ್ದು ಮುತ್ತು ಎಂಬ ಆರು ವರ್ಷದ ಹುಡುಗನನ್ನು. ಅವನ ಅಪ್ಪ ಕರೆಪ್ಪ, ಸರ್ಕಾರಿ ಬಸ್ಸಿನ ಡ್ರೈವರ್, ಆಗಷ್ಟೇ ಊಟಕ್ಕೆಂದು ಕೆಳಗೆ ಹೋಗಿದ್ದ. ತಾಯಿ ಹಸಿಬಾಣಂತಿ, ಊರಲ್ಲಿದ್ದಳು.

ಕಮತಗಿ ಯಂತ್ರಕ್ಕೆ ಅಡ್ಡವಾಗಿ ನಿಂತರು. "ಭೀಮಶಿಯವರ, ಇಲ್ಲಿ ಮಗು ಅದ."

"ಇದೂ ಕೊಲ್ಲತೈತಿ," ಎಂದ ಅವನು. "ಎಲ್ಲಾ ಕೊಲ್ತಾವು."

ಕಂಬ ಅವರ ಎಡಗಿವಿಯ ಮೇಲೆ ಬಿತ್ತು. ಕಿವಿ ಹರಿದು, ಕೆನ್ನೆಯವರೆಗೆ ಚರ್ಮ ಸುಲಿದು ಅವರು ಮೊಣಕಾಲೂರಿದರು. ಮುಂದಿನ ಏಟು ಯಂತ್ರಕ್ಕೆ. ಅದು ಮಗುಚಿಕೊಂಡಿತು, ಕೊಳವೆ ಹರಿದು ಹುಡುಗನ ರಕ್ತ ನೆಲದ ಮೇಲೆ ಚಿಮ್ಮಿತು.

ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞ ಸಿರಿಲ್ ಮಂಚದ ಕೆಳಗಿನಿಂದ ತೂರಿ ಬಂದು ಹುಡುಗನ ಕುತ್ತಿಗೆಯ ಕೊಳವೆಗಳಿಗೆ ಚಿಮಟ ಹಾಕಿದ. ರಕ್ತ ನಿಂತಿತು. ಆದರೆ ಉಸಿರೂ ನಿಂತಿತ್ತು. ನರ್ಸ್ ಬಾಯಿಗೆ ಗಾಳಿಚೀಲ ಹಿಡಿದು ಒತ್ತತೊಡಗಿದಳು. ಕಲ್ಲಿನಂತಾಗಿದ್ದ ಆ ಎದೆ ಏಳಲಿಲ್ಲ. ಹುಡುಗನ ತುಟಿ ನೇರಳೆಯಾಯಿತು, ಆಮೇಲೆ ಕಪ್ಪಗಾಯಿತು.

ಕಂಬ ಹಿಡಿದು ನಿಂತಿದ್ದ ಭೀಮಶಿಗೆ ಆ ಮುಖ ಕಂಡಿತು. ಆವರೆಗೆ ಅವನಿಗೆ ಯಂತ್ರ ಮಾತ್ರ ಕಂಡಿತ್ತು.

ಕಮತಗಿ ಎದ್ದು ನಿಂತರು. ಒಂದು ಕಣ್ಣಿನ ತುಂಬ ರಕ್ತ. ಇನ್ನೊಂದು ಮಗುವಿಗೆಂದು ಬೆಳಿಗ್ಗೆ ಸಿದ್ಧಮಾಡಿಟ್ಟ ಜೋಡುಸಿರಿನ ಡಬ್ಬಿ ಮೇಜಿನ ಮೇಲಿತ್ತು. ಆ ಕೋಣೆಯಲ್ಲಿ ಉಳಿದಿದ್ದ ಗಟ್ಟಿ ಮನುಷ್ಯ ಒಬ್ಬನೇ, ಭೀಮಶಿ.

"ಮಲಕೋ," ಎಂದರು.

ಅವನು ಅರ್ಥವಾಗದೆ ನೋಡಿದ.

"ಆ ಹುಡುಗ ಸಾಯ್ಲಿಕತ್ತಾನ. ನಿನ್ನ ಎದಿ ಬೇಕು. ಮಲಕೋತೀಯೋ ಇಲ್ಲೋ, ಹೇಳು."

ಕಂಬ ಅವನ ಕೈಯಿಂದ ಜಾರಿತು. ಮಗಳು ಮಲಗಿದ್ದ ಮಂಚದ ಆಚೆ ಒಂದು ಖಾಲಿ ಮಂಚವಿತ್ತು. ಸಿರಿಲ್ ಅದನ್ನು ಎಳೆದು ತಂದ. ಭೀಮಶಿ ಅದರ ಮೇಲೆ ಮಲಗಿದ. ಅರಿವಳಿಕೆ ಕೊಡಲು ಹೊತ್ತಿರಲಿಲ್ಲ. ಕಮತಗಿ ಅವನ ತೊಡೆಯ ಸಂದಿಯನ್ನು ಕೊಯ್ದು, ಬೆರಳ ಗಾತ್ರದ ಕೊಳವೆಗಳನ್ನು ಒಂದೊಂದಾಗಿ ರಕ್ತನಾಳಕ್ಕೆ ನುಗ್ಗಿಸಿದರು. ಅವನು ಮಂಚದ ಸರಳನ್ನು ಹಿಡಿದ ಹಿಡಿತಕ್ಕೆ ಸರಳು ಬಾಗಿತು. ಅವರ ಕಿವಿಯಿಂದ ತೊಟ್ಟಿಕ್ಕಿದ ರಕ್ತ ಅವನ ಹೊಟ್ಟೆಯ ಮೇಲೆ ಬೀಳುತ್ತಿತ್ತು.

ಸಿರಿಲ್ ಚಿಮಟ ತೆಗೆದ. ಡಬ್ಬಿಯೊಳಗೆ ಎರಡು ರಕ್ತಗಳು ಒಂದರ ಪಕ್ಕ ಒಂದು ಹರಿದವು. ಹುಡುಗನ ತುಟಿ ನಿಧಾನವಾಗಿ ಬಣ್ಣಕ್ಕೆ ತಿರುಗಿತು.

ಕರೆಪ್ಪ ಮೇಲೆ ಬಂದಾಗ ಅವನಿಗೆ ಯಾರೋ ಎಲ್ಲವನ್ನೂ ಮೆಟ್ಟಿಲಲ್ಲೇ ಹೇಳಿಬಿಟ್ಟಿದ್ದರು. ಖಾಕಿ ಅಂಗಿಯ ಆ ಸಣಕಲ ಮನುಷ್ಯ ನೇರವಾಗಿ ಹೋಗಿ, ತಟ್ಟೆಯಲ್ಲಿದ್ದ ಕೊಯ್ಯುವ ಚೂರಿ ಎತ್ತಿಕೊಂಡು ಭೀಮಶಿಯ ಗಂಟಲಿಗೆ ಇಟ್ಟ. ಚರ್ಮ ಹರಿದು ಎಳೆಯಷ್ಟು ರಕ್ತ ಬಂತು.

"ಕರೆಪ್ಪಾ, ಕೊಳವಿ ನೋಡು," ಎಂದರು ಕಮತಗಿ. ಅವರಿಗೆ ಕೂಗುವ ಶಕ್ತಿ ಇರಲಿಲ್ಲ. "ಅದು ನಿನ್ನ ಮಗನ ಕುತಗೀಗೆ ಹೋಗೇದ. ಇವನ ಉಸಿರು ನಿಂತ್ರ ಅವಂದೂ ನಿಲ್ತದ."

ಕರೆಪ್ಪ ಕೊಳವೆಯನ್ನು ಕಣ್ಣಲ್ಲೇ ಹಿಡಿದು ಮಗನವರೆಗೆ ಹೋದ, ಮತ್ತೆ ಹಿಂದೆ ಬಂದ.

"ಇಂವಂದ ಎದಿ ಸಿಗ್ತೇನ್ರಿ ನಿಮಗ? ನನ್ನ ಹಚ್ಚರಿ."

"ಈಗ ಬದಲಿ ಮಾಡಾಕ ಹೋದ್ರ ನಡುವ ಹುಡುಗ ಉಳಿಯೂದಿಲ್ಲ. ಬ್ಯಾರೆ ಯಂತ್ರ ಈ ಜಿಲ್ಲಾದಾಗ ಖಾಲಿ ಇಲ್ಲ."

ಅವನು ಚೂರಿಯನ್ನು ತಟ್ಟೆಗೆ ಎಸೆದು ಭೀಮಶಿಯ ಮುಖದ ಹತ್ತಿರ ಬಾಗಿದ. "ಕೊಳವಿ ತಗಿಯೂತನ ನೀ ಜ್ವಾಕ್ಯಾಗಿ ಇರಬೇಕು. ತಗದ ದಿನ ನಿನ್ನ ಬಿಡಂಗಿಲ್ಲ."

"ಆತು," ಎಂದ ಭೀಮಶಿ.

ಪೊಲೀಸರು ಬಂದು ಭೀಮಶಿಯ ಕೈಗೆ ಕೋಳ ಹಾಕಿ ಮಂಚಕ್ಕೆ ಬಿಗಿದು ಕೆಳಗೆ ಹೋದರು. ಅಷ್ಟರಲ್ಲಿ ಜ್ವರ ಬಂದ ಮಕ್ಕಳನ್ನು ಕರೆತಂದಿದ್ದ ಜನ ಆಸ್ಪತ್ರೆಯ ಅಂಗಳದಲ್ಲಿ ಸೇರಿದ್ದರು. ಯಂತ್ರ ಒಡೆದವನನ್ನು ಕೆಳಗೆ ಕಳಿಸಿ ಎಂದು ಕೂಗುತ್ತಿದ್ದರು. ಕಲ್ಲು ಬಿದ್ದು ಮೊದಲ ಮಹಡಿಯ ಗಾಜುಗಳು ಹೋದವು. ಹತ್ತಿಪ್ಪತ್ತು ಮಂದಿ ಮೆಟ್ಟಿಲೇರಿ ಬಂದಾಗ ಬಾಗಿಲಲ್ಲಿ ಅಡ್ಡಗಟ್ಟಿ ನಿಂತವನು ಕರೆಪ್ಪ. ಅವನ ಕೈಯಲ್ಲಿ ಭೀಮಶಿ ಬೀಸಿದ್ದ ಅದೇ ಕಬ್ಬಿಣದ ಕಂಬ.

"ಅಂವ ನನ್ನಾಂವ," ಎಂದ. "ಅಂವನ್ನ ಕೊಲ್ಲೂದು ನನ್ನ ಕೆಲಸ. ನೀವ್ಯಾರೂ ಒಳಗ ಬರಬ್ಯಾಡ್ರಿ." ಮುಂದೆ ಬಂದ ಮೊದಲನೆಯವನ ಮೊಣಕಾಲಿಗೆ ಹೊಡೆದು ಬೀಳಿಸಿದ. ಉಳಿದವರು ಹಿಂದೆ ಸರಿದರು.

ಸಂಜೆ ಕಸ್ತೂರಿ ಬಂದಳು. ಅವಳ ಹಿಂದೆ ಭೀಮಶಿಯ ತಮ್ಮಂದಿರಿಬ್ಬರು ಬಿಳಿ ಬಟ್ಟೆ ಸುತ್ತಿದ ಗಂಗೋತ್ರಿಯನ್ನು ಹೊತ್ತು ಬಾಗಿಲ ಹೊರಗೆ ನಿಂತರು.

"ಏಳು," ಎಂದಳು ಕಸ್ತೂರಿ. "ಹೊತ್ತು ಮುಳಗೂದ್ರೊಳಗ ಮಣ್ಣ ಮಾಡಬೇಕು. ಬಾ, ಮಗಳಿಗೆ ಮಣ್ಣ ಹಾಕು."

"ಎದ್ರ ಆ ಹುಡುಗ ಸಾಯ್ತಾನ."

"ಸಾಯ್ಲಿ. ನೀನ ಕೊಲ್ಲಾಕ ಹೋಗಿದ್ದ್ಯಲ್ಲ."

ಭೀಮಶಿ ಮುಖ ಆ ಕಡೆ ತಿರುಗಿಸಿದ.

"ನನ್ನ ಕೂಸಿಗೆ ಕೊಡಲಾರದ ಉಸಿರು ಇನ್ನೊಬ್ಬರ ಕೂಸಿಗೆ ಕೊಟಗೋತ ಮಲಗೀಯಾ?" ಅವಳು ಕೊಳವೆಗೆ ಕೈ ಹಾಕಿದಳು. ಕರೆಪ್ಪ ಹಾರಿ ಅವಳ ಮಣಿಕಟ್ಟು ಹಿಡಿದ. ಅವಳು ಅವನ ಕೈಯನ್ನು ಕಚ್ಚಿದಳು. ಹಲ್ಲು ಮಾಂಸಕ್ಕೆ ಇಳಿಯಿತು. ಅವನು ಬಿಡಲಿಲ್ಲ, ಹೊಡೆಯಲೂ ಇಲ್ಲ. ಅವಳೇ ಸೋತು ಬಿಟ್ಟು, ನೆಲಕ್ಕೆ ಕೂತಳು.

ಭೀಮಶಿ ಕೋಳ ಹಾಕಿದ ಕೈಯನ್ನು ಎಳೆಯತೊಡಗಿದ. ಮಂಚ ಅಲುಗಿತು. ಡಬ್ಬಿಗೆ ಜೋಡಿಸಿದ್ದ ಎಚ್ಚರಿಕೆಯ ಗಂಟೆ ಬಡಿದುಕೊಂಡಿತು. ಅವನು ಏಳುತ್ತಾನೆ ಎಂದು ಕರೆಪ್ಪನಿಗೆ ಅನ್ನಿಸಿತು. ಆ ಮೈ ಎದ್ದರೆ ತಡೆಯುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ನಾ ಹೋಗ್ತೀನಿ," ಎಂದ ಕರೆಪ್ಪ. "ನಾ ಕುಣಿ ತೋಡ್ತೀನಿ. ನಿನ್ನ ಬದಲಿ ನಾ ಮಣ್ಣ ಹಾಕ್ತೀನಿ. ನೀ ಏಳಬ್ಯಾಡ."

ಭೀಮಶಿ ತಲೆಯನ್ನು ದಿಂಬಿಗೆ ಇಟ್ಟ. ತಮ್ಮಂದಿರು ಹೆಣವನ್ನು ಒಳಗೆ ತಂದು ಅವನ ಎದೆಯ ಮೇಲೆ ಸ್ವಲ್ಪ ಹೊತ್ತು ಮಲಗಿಸಿದರು. ಅವನ ಉಸಿರು ಏರಿಳಿದಂತೆ ಅವಳೂ ಏರಿಳಿಯುತ್ತಿದ್ದಳು. ಆಮೇಲೆ ಎತ್ತಿಕೊಂಡು ಹೋದರು.

ಆಸ್ಪತ್ರೆಯಿದ್ದ ಊರ ಹೊರಗೆ, ಹಿನ್ನೀರು ಕಾಣುವ ದಿಬ್ಬದ ಮೇಲೆ ಕರೆಪ್ಪ ಕುಣಿ ತೋಡಿದ. ಕರಿನೆಲ, ಒಣಗಿ ಗಟ್ಟಿಯಾಗಿತ್ತು. ಕಚ್ಚಿಸಿಕೊಂಡ ಕೈಯಿಂದ ಗುದ್ದಲಿಯ ಕಾವೆಲ್ಲ ರಕ್ತವಾಯಿತು. ಕಸ್ತೂರಿ ಮೊದಲ ಹಿಡಿ ಹಾಕಿದಳು, ಎರಡನೆಯದನ್ನು ಅವನು. ಮಣ್ಣು ಮುಚ್ಚಿದ ಮೇಲೆ ತಮ್ಮಂದಿರಲ್ಲಿ ದೊಡ್ಡವನು ಅವನ ಕೊರಳಪಟ್ಟಿ ಹಿಡಿದ.

"ನಿನ್ನ ಮಗನ ದೆಸಿಯಿಂದ ನಮ್ಮಣ್ಣ ಅಲ್ಲಿ ಬೇಡಿ ಹಾಕಿಸ್ಕೊಂಡು ಬಿದ್ದಾನ," ಎಂದು ಹೊಡೆಯಲು ಶುರುಮಾಡಿದ. ಇಬ್ಬರೂ ಗರಡಿಯವರು. ಕರೆಪ್ಪನ ಮುಂಗಡೆಯ ಹಲ್ಲುಗಳು ಉದುರಿದವು. ಪಕ್ಕೆಗೆ ಒದೆ ಬಿದ್ದವು. ಕಸ್ತೂರಿ ಮಗಳನ್ನು ಹೂತ ಮಣ್ಣಿನ ಗುದ್ದಿನ ಪಕ್ಕ ಕೂತು ನೋಡುತ್ತಿದ್ದಳು. ಕೊನೆಗೆ, "ಸಾಕು ಬಿಡ್ರಿ," ಎಂದಳು, ಬೇಸತ್ತವಳಂತೆ.

ಅವನು ಬಾಯಿಗೆ ಟವೆಲ್ ಒತ್ತಿಕೊಂಡು ಆಸ್ಪತ್ರೆಗೆ ಬಂದು ಇಬ್ಬರ ಮಂಚಗಳ ನಡುವೆ ನೆಲದ ಮೇಲೆ ಮಲಗಿದ.

ಕೆಲವು ದಿನಗಳ ಮೇಲೆ ಪ್ರಯೋಗದ ನೈತಿಕ ಸಮಿತಿಯವರು ಫೋನ್ ಮಾಡಿದರು. ಆ ಹುಡುಗನನ್ನು ಲೆಕ್ಕದಿಂದ ತೆಗೆಯಬೇಕು ಎಂದರು. ಕಮತಗಿ ಆಗಲೇ ತೆಗೆದಿದ್ದರು. ಕೋಳ ಹಾಕಿದ ಮನುಷ್ಯನ ಒಪ್ಪಿಗೆ ಒಪ್ಪಿಗೆಯಲ್ಲ ಎಂದರು ಸಮಿತಿಯವರು. ಅದೂ ನಿಜವೇ ಎಂದು ಕಮತಗಿಯವರಿಗೂ ಅನ್ನಿಸಿತ್ತು. ತಲೆಗೆ ಪಟ್ಟಿ ಕಟ್ಟಿಕೊಂಡು ಅವರು ಭೀಮಶಿಯ ಬಲಕ್ಕೆ ಕುರ್ಚಿ ಹಾಕಿಕೊಂಡು ಕೂತರು. ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ಗೊತ್ತಾಗಿತ್ತು.

"ಅವತ್ತ ನಾ ನಿನಗ ಯೋಚನಿ ಮಾಡಾಕ ಬಿಡಲಿಲ್ಲ. ಈಗ ಕೇಳ್ತೀನಿ. ಹುಡುಗನ ಜ್ವರದ ವಿಷ ನಿನ್ನ ಮೈಯಾಗ ಬರಾಕತ್ತೇದ. ನಿನ್ನ ಎಕ್ಸ್‌ರೇದಾಗೂ ಬೂದಿ ಕಾಣಾಕತ್ತೇದ. ಇನ್ನೂ ನಡಿಸಿದ್ರ ನಿನ್ನ ಶ್ವಾಸಕೋಶ ಮೊದಲಿನಂಗ ಆಗೂದಿಲ್ಲ, ಸಾಯ್ಲೂಬಹುದು. ಸಾಕು ಅಂದ್ರ ಕರೆಪ್ಪಗ ಹಚ್ಚಾಕ ನೋಡ್ತೀನಿ. ಹುಡುಗನಿಗೆ ಅಪಾಯ ಅದ, ಆದ್ರ ಅದು ನಿನ್ನ ತಪ್ಪು ಅಂತ ಯಾರೂ ಅನ್ನೂದಿಲ್ಲ."

ಭೀಮಶಿ ಕೆಮ್ಮಿದ. ಟವೆಲ್ ಮೇಲೆ ರಕ್ತದ ಕಲೆ ಬಿತ್ತು. "ನನ್ನ ಗಂಗಿಗೆ ಅವತ್ತ ನನ್ನ ಹಚ್ಚಿದ್ರ ಉಳೀತಿದ್ಲೇನ್ರಿ?"

"ಗೊತ್ತಿಲ್ಲಪ್ಪ."

"ಖರೇ ಹೇಳ್ರಿ."

"ಖರೇನ ಗೊತ್ತಿಲ್ಲ."

ಅವನು ಅದನ್ನು ನುಂಗಿಕೊಂಡ. "ಬಿಡಿಸಬ್ಯಾಡ್ರಿ," ಎಂದ.

ಆ ಪ್ರಶ್ನೆಗೆ ಉತ್ತರ ಬಂದದ್ದು ಎಷ್ಟೋ ಕಾಲದ ಮೇಲೆ, ಬೇರೆ ಬೇರೆ ಊರುಗಳ ಮಕ್ಕಳ ಲೆಕ್ಕವೆಲ್ಲ ಕೂಡಿದಾಗ. ಎರಡರಲ್ಲೂ ಬದುಕಿದ ಮಕ್ಕಳು ಹೆಚ್ಚುಕಡಿಮೆ ಸಮ. ಜೋಡುಸಿರಿನಲ್ಲಿ ಮಿದುಳಿನ ಸೋರಿಕೆ ಕಡಿಮೆ, ಆದರೆ ಮಲಗಿದ ದೊಡ್ಡವರಲ್ಲಿ ಹಲವರು ಕಾಯಂ ಏದುಸಿರಿನವರಾದರು. ಯಂತ್ರ ಸಿಗುವ ಕಡೆ ಯಂತ್ರವೇ ಇರಲಿ, ಸಿಗದ ಕಡೆ ಜೋಡುಸಿರು ಎಂದು ಕಮತಗಿ ಬರೆದರು.

ಮುತ್ತುವಿನ ಎದೆ ಮೆತ್ತಗಾಗುತ್ತ ಬಂದಂತೆ ಭೀಮಶಿಯ ಎದೆ ಗಟ್ಟಿಯಾಗುತ್ತ ಹೋಯಿತು. ತೋಳುಗಳು ಇಳಿಬಿದ್ದವು. ಮುಖಕ್ಕೆ ಆಮ್ಲಜನಕದ ಮುಖವಾಡ ಬಂತು. ಉಸಿರೆಳೆದಾಗಲೆಲ್ಲ ಪಕ್ಕೆಯೊಳಗೆ ಗಾಜಿನ ಚೂರು ತಿರುವಿದಂತಾಗುತ್ತದೆ ಎಂದು ಸಿರಿಲ್‌ಗೆ ಹೇಳಿದ್ದ. ನೋವಿಗೆ ಔಷಧಿ ಹೆಚ್ಚು ಕೊಟ್ಟರೆ ಉಸಿರು ನಿಧಾನವಾಗಿ ಹುಡುಗನಿಗೆ ಕಡಿಮೆ ಬೀಳುತ್ತದೆ ಎಂದು ತಿಳಿದ ಮೇಲೆ ಅದನ್ನೂ ಬೇಡವೆಂದ. ಕರೆಪ್ಪ ಅವನಿಗೆ ಗಂಜಿ ಕುಡಿಸುತ್ತಿದ್ದ, ಮೈ ಒರೆಸುತ್ತಿದ್ದ, ಮಗ್ಗುಲು ತಿರುಗಿಸುತ್ತಿದ್ದ. ಎಲ್ಲವನ್ನೂ ಹಲ್ಲು ಕಚ್ಚಿ, ಒರಟಾಗಿ, ಗಾಡಿಯ ಚಕ್ರ ಬದಲಿಸುವವನಂತೆ.

ಕೊಳವೆ ತೆಗೆದ ದಿನ ಮುತ್ತು ಸ್ವಂತ ಎದೆಯಿಂದ ಗಾಳಿ ಎಳೆದುಕೊಂಡು ಮೊದಲು ಕೆಮ್ಮಿದ. ಆಮೇಲೆ ಅತ್ತ. ಒಡೆದ ತಗಡಿನಂಥ ಧ್ವನಿ. ಭೀಮಶಿ ತಲೆ ಎತ್ತಿ ಕೇಳಿಸಿಕೊಂಡ. ಅಷ್ಟು ದಿನ ಅವನು ಉಸಿರಾಡಿಸಿದ್ದ ಹುಡುಗನ ದನಿ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

ಭೀಮಶಿಯ ಗಾಯಗಳು ಕೂಡಿ, ಕಾಲ ಮೇಲೆ ನಿಲ್ಲುವಂತಾದ ಮೇಲೆ ಪೊಲೀಸರು ಒಯ್ಯಲು ಬಂದರು. ಕೋಳ ಬಿಚ್ಚಿ ಎಬ್ಬಿಸಿದಾಗ ಕರೆಪ್ಪ ಎದುರಿಗೆ ಬಂದು ನಿಂತ. ಹಲ್ಲಿಲ್ಲದ ಬಾಯಿ ಬಿಗಿಯಾಗಿತ್ತು. ಪೇದೆ ತಡೆಯಲು ಹೋದ. "ಬಿಡ್ರಿ ಸಾಹೇಬ್ರ," ಎಂದ ಭೀಮಶಿ.

ಮೊದಲ ಏಟು ದವಡೆಗೆ ಬಿತ್ತು. ಪೈಲ್ವಾನ ಬುಡ ಕಡಿದ ಮರದಂತೆ ಬಿದ್ದ. ಕರೆಪ್ಪ ಅವನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಗೋಡೆಗೆ ಆನಿಸಿ, ಇನ್ನೊಮ್ಮೆ ಹೊಡೆದ. ಮೂಗಿನ ಮೂಳೆ ಮುರಿಯಿತು. ಭೀಮಶಿ ಕೈ ಎತ್ತಲಿಲ್ಲ. ರಕ್ತ ಬಾಯಿಗೆ ಇಳಿದು ಉಸಿರು ಸಿಕ್ಕಿಹಾಕಿಕೊಂಡು ಗೊರಗುಟ್ಟಿತು. ಆ ಸದ್ದಿಗೆ ಕರೆಪ್ಪನ ಎತ್ತಿದ ಕೈ ಹಾಗೇ ನಿಂತಿತು. ಹಗಲೂ ರಾತ್ರಿ ಆ ಉಸಿರನ್ನು ಕಾದವನು ಅವನು. ಬೇಗ ಅವನ ತಲೆಯನ್ನು ಮುಂದಕ್ಕೆ ಬಾಗಿಸಿ, ಬೆನ್ನು ತಟ್ಟಿ, ರಕ್ತ ಉಗುಳಿಸಿದ.

ಉಸಿರು ಬಂದ ಮೇಲೆ ಭೀಮಶಿ ಕೇಳಿದ, "ನನ್ನ ಮಗಳನ್ನ ಎಲ್ಲಿ ಇಟ್ಟೀರಿ?"

ಕಸ್ತೂರಿ ತವರಿಗೆ ಹೋಗಿದ್ದಳು, ಹೇಳಿಕಳಿಸಿದರೂ ಬಂದಿರಲಿಲ್ಲ. ತಮ್ಮಂದಿರು ಪೊಲೀಸರಿಗೆ ಹೆದರಿ ಊರು ಬಿಟ್ಟಿದ್ದರು. ತೋರಿಸುವವನು ಇನ್ನೊಬ್ಬನಿರಲಿಲ್ಲ. ಕರೆಪ್ಪ ಇನ್‌ಸ್ಪೆಕ್ಟರ ಮುಖ ನೋಡಿದ. ಅವರು, "ಇಬ್ಬರನ್ನೂ ಜೀಪಿಗೆ ಹತ್ತಿಸ್ರಿ," ಎಂದರು.

ಜೀಪು ದಿಬ್ಬದ ಕೆಳಗೆ ನಿಂತಿತು. ಮೇಲೆ ಹತ್ತಲು ಭೀಮಶಿಗೆ ಆಗಲಿಲ್ಲ. ಕರೆಪ್ಪ ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು, ನಿಲ್ಲುತ್ತ, ಏದುತ್ತ ಹತ್ತಿಸಿದ. ಮೇಲೆ ಒಂದಿಷ್ಟು ಮಣ್ಣಿನ ಗುದ್ದುಗಳಿದ್ದವು, ಎಲ್ಲವೂ ಸಣ್ಣವು, ಎಲ್ಲವೂ ಆ ಜ್ವರದ ಮಕ್ಕಳವು. ಬಿಸಿಲಿಗೆ ಒಣಗಿ ಒಂದರಂತೆಯೇ ಇನ್ನೊಂದು. ಭೀಮಶಿ ನಡುವೆ ನಿಂತು ಸುತ್ತ ನೋಡಿದ. ಯಾವುದೆಂದು ತಿಳಿಯಲಿಲ್ಲ.

ಕರೆಪ್ಪ ಅವನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಎಳೆದ.

"ಈ ಕಡಿ ಬಾ," ಎಂದ. "ನೀ ಅಕಿ ಕಾಲ ಮ್ಯಾಲ ನಿಂತಿ."